ಹಿಂದಿನ ರೆಕ್ಕೆಯ ಹಾಸಿಗೆ

ಟ್ರೈಲರು ಅಂಗಳಕ್ಕೆ ಬಂದು ನಿಂತ ದಿನ ಮಾರ್ಲೀನ್ ಗಂಡನ ಜೊತೆ ಮಾತು ಬಿಟ್ಟಳು. ಕೇಳದೆ ಕೊಂಡು ತಂದದ್ದು ಒಂದು ತಪ್ಪು. ತಂದಮೇಲೆ "ನಿನಗೇ ಖುಷಿಯಾಗ್ಲಿ ಅಂತ" ಎಂದು ಹಲ್ಲು ಕಿರಿದದ್ದು ಇನ್ನೊಂದು. ಅದೂ ಎಂಥ ಟ್ರೈಲರು! ಪೂರ್ತಿ ಮನೆಯೂ ಅಲ್ಲ, ಪೂರ್ತಿ ಡೇರೆಯೂ ಅಲ್ಲ. ನಡುವೆ ಗಟ್ಟಿ ಗೋಡೆ, ಗಟ್ಟಿ ಮಾಡು, ಒಲೆ, ಸಿಂಕು, ಊಟದ ಮೇಜು, ಒಂದು ಸೋಫಾ. ಮುಂದೊಂದು ಹಿಂದೊಂದು ದೊಡ್ಡ ಹಲಗೆ. ಮಡಿಸಿದರೆ ಗೋಡೆ, ಬಿಚ್ಚಿದರೆ ಹೊರಕ್ಕೆ ಚಾಚಿಕೊಳ್ಳುವ ಮಂಚ, ಅದರ ಮೇಲೆ ಕ್ಯಾನ್ವಾಸಿನ ಗೂಡು. ಮಂಚದ ಕೆಳಗೆ ಬರೀ ಗಾಳಿ. ಮನೆಯವರು ಆ ಎರಡನ್ನೂ ರೆಕ್ಕೆ ಎಂದು ಕರೆಯತೊಡಗಿದರು.

"ಅರ್ಧ ಗಟ್ಟಿ, ಅರ್ಧ ಮೆತ್ತಗೆ. ನಮ್ಮ ಡ್ವೇನ್ ಥರಾನೇ ಇದೆ," ಎಂದಳು ಎದುರುಮನೆಯ ಎಫಿ ಅತ್ತೆ. ಡ್ವೇನನ ಅಪ್ಪ ಹೆಡ್ಲಿಗೆ ಅವಳು ತಂಗಿ. ಬಾಗಿಲು ತಟ್ಟಿ ಒಳಗೆ ಬಂದವಳಲ್ಲ, ಹೇಳಿ ಹೊರಟವಳೂ ಅಲ್ಲ.

ಹೆಡ್ಲಿ ಮಾತ್ರ ಟ್ರೈಲರನ್ನು ಎರಡು ಸುತ್ತು ಸುತ್ತಿ, ಕ್ಯಾನ್ವಾಸನ್ನು ಬೆರಳಲ್ಲಿ ಉಜ್ಜಿ, "ಪರವಾಗಿಲ್ಲ ಕಣೋ. ಹಾಯಿಬಟ್ಟೆ ಚೆನ್ನಾಗಿದೆ," ಎಂದ. ಎಂಬತ್ತರ ಹತ್ತಿರದ ಮುದುಕ, ಇಡೀ ಆಯುಷ್ಯ ಕಾಡ್ ಮೀನು ಹಿಡಿದವನು. ಹೆಂಡತಿ ಆಲ್ಮಾ ಹೋದಮೇಲೆ ಮಗನ ಮನೆಯಲ್ಲೇ ಇದ್ದ. ಮಾವನಿಗೆ ಒಪ್ಪಿಗೆಯಾದದ್ದಕ್ಕೆ ಮಾರ್ಲೀನಳೂ ಗಂಡನಿಗೆ ಊಟ ಬಡಿಸಿದಳು.

ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೇ ತಿಂಗಳ ದೊಡ್ಡ ರಜೆ ಬಂತೆಂದರೆ ಮನೆಯಲ್ಲಿ ಕೂರುವವರು ಹೆರಿಗೆಯಾದವರು ಮಾತ್ರ. ಉಳಿದವರೆಲ್ಲ ಜಲ್ಲಿಗುಂಡಿಗೆ. ಹೆದ್ದಾರಿ ಹಾಕುವಾಗ ಜಲ್ಲಿ ತೋಡಿ ಬಿಟ್ಟುಹೋದ ಬಯಲು. ನೆಲ ಸಪಾಟು, ಸುತ್ತ ಸೂಜಿಯೆಲೆಯ ಫರ್ ಮರ, ಬಾಡಿಗೆ ಇಲ್ಲ, ಹೇಳುವವರು ಕೇಳುವವರು ಇಲ್ಲ. ಆದರೂ ಯಾರ ಜಾಗ ಯಾರದ್ದು ಎಂದು ಎಲ್ಲರಿಗೂ ಗೊತ್ತು. ಹಿಮ ಬಿದ್ದರೂ ಹೋಗುತ್ತಾರೆ, ಬಿದ್ದೇ ಬೀಳುತ್ತದೆ.

ಹೋದವರು ಐದು ಜನ. ಮುಂದಿನ ರೆಕ್ಕೆಯಲ್ಲಿ ಡ್ವೇನ್ ಮತ್ತು ಮಾರ್ಲೀನ್, ಹಿಂದಿನದರಲ್ಲಿ ಹೆಡ್ಲಿ. ಸೋಫಾದ ಮೇಲೆ ಎಫಿ, ಮೇಜು ಮಡಿಸಿ ಮಾಡಿದ ಹಾಸಿಗೆಯಲ್ಲಿ ಮಗಳು ಟೆಸ್ಸಾ. ಹನ್ನೆರಡು ತುಂಬಿದ ಹುಡುಗಿ, ನಾಲಿಗೆಗೆ ಮಾತ್ರ ಎಫಿ ಅಜ್ಜಿಯ ವಯಸ್ಸು.

ಮಾವನಿಗೆ ಥಂಡಿ ತಾಗಬಾರದೆಂದು ಮಾರ್ಲೀನ್ ಹಿಂದಿನ ರೆಕ್ಕೆಯ ಕಿಟಕಿಗಳ ಜಿಪ್ಪು ಪೂರ್ತಿ ಎಳೆದು, ದಪ್ಪ ಪರದೆ ಹಾಕಿ, ಅದರ ಅಂಚಿಗೆ ಬಟ್ಟೆಕ್ಲಿಪ್ಪು ಸಿಕ್ಕಿಸಿ, ಎರಡು ರಜಾಯಿ ಹೊದಿಸಿದಳು. ಮುಂದಿನ ರೆಕ್ಕೆಯಲ್ಲಿ ಮಾತ್ರ ಗಂಡನ ಜೊತೆ ಜಗಳ, ಏಕೆಂದರೆ ಡ್ವೇನನಿಗೆ ಯಾವಾಗಲೂ ಸೆಖೆ. ಅವನು ಜಿಪ್ಪು ಎಳೆದು ಬಿಚ್ಚುವನು, ಅವಳು ಮುಚ್ಚುವಳು.

ಭಾನುವಾರ ಬೆಳಿಗ್ಗೆ ಎದ್ದವಳೇ ಎಫಿ ಅತ್ತೆ ಮನೆಯಿಂದ ಹೊತ್ತು ತಂದಿದ್ದ ಹಿರಿ ಪಾತ್ರೆಯನ್ನು ಒಲೆಗೇರಿಸಿದಳು. ಉಪ್ಪುಮಾಂಸ, ಎಲೆಕೋಸು, ಟರ್ನಿಪ್ಪು, ಕ್ಯಾರೆಟ್ಟು, ಆಲೂಗಡ್ಡೆ, ಬಟ್ಟೆಚೀಲದಲ್ಲಿ ಕಟ್ಟಿದ ಬಟಾಣಿ ಬೇಳೆ.

"ಅತ್ತೇ, ಇದು ಟ್ರೈಲರು. ಇವತ್ತು ಸಾಸೇಜ್ ಸುಟ್ಕೊಂಡು ತಿಂದ್ರೆ ಆಗಲ್ವಾ?" ಎಂದಳು ಮಾರ್ಲೀನ್.

"ಭಾನುವಾರಾನಾ?"

"ಭಾನುವಾರಾನೇ. ಗುಂಡೀಲಿ ಯಾವ ವಾರ ಆದ್ರೇನು?"

"ನಮ್ಮಮ್ಮ ಮನೆ ಸುಟ್ಟುಹೋದ ಭಾನುವಾರಾನೂ ಪಕ್ಕದ ಮನೆ ಒಲೇಲಿ ಈ ಅಡಿಗೆ ಮಾಡಿದ್ಲು. ನೀನು ಸಾಸೇಜ್ ಅಂತೀಯಲ್ಲ, ಸಾಸೇಜ್!"

ಪಾತ್ರೆ ಊಟದ ಹೊತ್ತಿನವರೆಗೂ ಕುದಿಯಿತು. ಪಕ್ಕದಲ್ಲಿ ಟೀ ಕೆಟಲ್ಲು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಹೀಟರಿನ ಮುಂದೆ ಒದ್ದೆ ಕಾಲುಚೀಲಗಳ ಸಾಲು. ಆವಿ ಕವಿದು ಕಿಟಕಿಗಳೆಲ್ಲ ಕುರುಡಾದವು, ಕ್ಯಾನ್ವಾಸಿನ ಮೇಲೆ ಹನಿ ಕೂತು ಸೋರತೊಡಗಿತು. ಊಟಕ್ಕೆ ಕುಳಿತಾಗ ಒಂದು ಹನಿ ಡ್ವೇನನ ತಟ್ಟೆಗೇ ಬಿತ್ತು.

"ಅಮ್ಮಾ, ಹೊರಗೆ ಮಳೆ ನಿಂತಿದೆ, ಒಳಗೆ ಶುರುವಾಗಿದೆ," ಎಂದಳು ಟೆಸ್ಸಾ.

"ಬಾಯಿ ಮುಚ್ಕೊಂಡು ಟವಲ್ ತಗೊಂಡು ಒರೆಸು."

"ನಾನೇ ಯಾಕೆ?"

"ನಾನು ಕುಳ್ಳಿ ಅಲ್ಲ ಅಂತ ದಿನಾ ಜಗಳ ಆಡ್ತೀಯಲ್ಲ, ಕೈ ಮೇಲೆತ್ತಿ ತೋರ್ಸು," ಎಂದ ಡ್ವೇನ್.

ಹೆಡ್ಲಿ ನಕ್ಕ. "ಇದೇನು ಮಹಾ! ನಮ್ಮ ದೋಣಿ ಗೂಡು ಇದಕ್ಕಿಂತ ಬೆವರ್ತಿತ್ತು. ಎಫಿ, ಇನ್ನೊಂದು ಮಗ್ ಟೀ ಹಾಕು." ಅವನ ಟೀ ಮಗ್ಗು ಬರಿದಾಗಿದ್ದನ್ನು ಆ ಊರಿನಲ್ಲಿ ಕಂಡವರು ಕಡಿಮೆ.

ಸೋಮವಾರ ಹೊರಡುವ ಮುಂಚೆ ರೆಕ್ಕೆ ಮಡಿಸಬೇಕು. ಹಿಂದಿನ ಹಾಸಿಗೆಯನ್ನು ಎತ್ತಿದ ಮಾರ್ಲೀನ್ ಹಾಗೇ ನಿಂತಳು. ಅದರ ಅಡಿಯಲ್ಲಿ, ಸರಿಯಾಗಿ ಸೊಂಟ ಬರುವ ಜಾಗದಲ್ಲಿ, ತಟ್ಟೆಯಗಲದ ಒದ್ದೆ. ಕೈಯಿಟ್ಟರೆ ಕೈಗೆ ನೀರು.

ಅವಳು ಊರಾಚೆಯ ವೃದ್ಧರ ಹೋಮಿನಲ್ಲಿ ಆಯಾ ಕೆಲಸ ಮಾಡುತ್ತಿದ್ದಳು. ಬೆಳಗಾದರೆ ಹಾಸಿಗೆ ಎತ್ತುವುದು, ಒದ್ದೆ ನೋಡುವುದು, ಚಾದರ ಬದಲಿಸುವುದು, ಮುದುಕರ ಮುಖ ನೋಡದೆ ಹವಾಮಾನದ ಮಾತಾಡುವುದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬೇರೆ ಏನಾದರೂ ಇರಬಹುದೆಂಬ ಯೋಚನೆಯೇ ಅವಳ ಹತ್ತಿರ ಸುಳಿಯಲಿಲ್ಲ. ಬಗ್ಗಿ ಒಮ್ಮೆ ಮೂಸಿದ್ದರೆ ಸಾಕಿತ್ತು. ಆದರೆ ಹೆತ್ತಪ್ಪನಂಥ ಮಾವನ ಹಾಸಿಗೆಯನ್ನು ನಾಯಿಯ ಹಾಗೆ ಮೂಸುವುದು ಅವಳಿಗೆ ಮರ್ಯಾದೆಯೆನಿಸಲಿಲ್ಲ. ಮನೆಗೆ ಬಂದವಳೇ ಬ್ಲೀಚು ಸುರಿದು ಉಜ್ಜಿ, ಹಾಸಿಗೆಯನ್ನು ಶೆಡ್ಡಿನಲ್ಲಿ ಒಣಗಿಸಿದಳು. ಆಮೇಲೆ ಮೂಸುತ್ತೇನೆಂದರೂ ಬ್ಲೀಚಿನ ವಾಸನೆಯೊಂದೇ.

ಆ ರಾತ್ರಿ ಪಾತ್ರೆ ತೊಳೆಯುವಾಗ ಗಂಡನಿಗೆ ಹೇಳಿದಳು.

"ಅಪ್ಪಾನಾ? ತಲೆ ಕೆಟ್ಟಿದೆಯಾ ನಿಂಗೆ?" ಡ್ವೇನ್ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಇಟ್ಟ.

"ಮೆಲ್ಲಗೆ. ಅದೇನು ಪಾಪ ಮಾಡಿದ ಹಾಗಾ? ವಯಸ್ಸು. ನಮ್ಮ ಹೋಮಲ್ಲಿ ಮುಕ್ಕಾಲು ಜನ ಹಾಗೇ."

"ನಿಮ್ಮ ಹೋಮು ನಿಮ್ಮ ಹೋಮಲ್ಲೇ ಇರ್ಲಿ. ಮನೇಲಿ ಅವನ ಹಾಸಿಗೆ ಯಾವತ್ತಾದ್ರೂ ಒದ್ದೆ ಆಗಿದ್ಯಾ?"

"ಹೊಸ ಜಾಗ, ಚಳಿ, ಕತ್ತಲು. ಎದ್ದು ಹೋಗೋಕೆ ಗೊತ್ತಾಗಿರಲ್ಲ. ಶುರು ಆಗೋದೇ ಹೀಗೆ."

"ಹೇಳೋರು ಯಾರು ಅವನಿಗೆ? ನಾನಂತೂ ಹೇಳಲ್ಲ."

"ಯಾರೂ ಹೇಳೋದು ಬೇಡ. ಒಂದು ಪ್ಲಾಸ್ಟಿಕ್ ಹಾಳೆ ಹಾಕ್ತೀನಿ. ಚಾದರದ ಕೆಳಗಿರತ್ತೆ, ಗೊತ್ತೂ ಆಗಲ್ಲ."

ಗೊತ್ತಾಗದೆ ಇರುತ್ತದೆಯೇ! ಮುಂದಿನ ಬಾರಿ ಗುಂಡಿಗೆ ಹೋದಾಗ, ಹೆಡ್ಲಿ ಹಾಸಿಗೆಯ ಮೇಲೆ ಕುಳಿತದ್ದೇ ಚರಪರ ಸದ್ದು.

"ತಾತಾ, ಚಿಪ್ಸ್ ಪೊಟ್ಟಣದ ಮೇಲೆ ಕೂತ್ಕೊಂಡ್ರಾ?" ಎಂದಳು ಟೆಸ್ಸಾ.

ಮುದುಕ ಚಾದರದಂಚು ಎತ್ತಿ ಬೆರಳಾಡಿಸಿ ನೋಡಿದ. ಆಮೇಲೆ ಸೊಸೆಯ ಕಡೆ ನೋಡಿದ. ಮಾರ್ಲೀನ್ ಸಿಂಕಿನ ಕಡೆ ತಿರುಗಿ, ತೊಳೆದ ಮಗ್ಗನ್ನೇ ಮತ್ತೆ ತೊಳೆದಳು.

"ಹಾಸಿಗೆ ಹೊಸದಲ್ವಾ ಮಾವ, ಕೊಳೆ ಆಗ್ಬಾರ್ದು ಅಂತ," ಎಂದಳು.

"ಓಹೋ. ಸರಿ ಸರಿ," ಎಂದ ಹೆಡ್ಲಿ.

ಬೆಳಿಗ್ಗೆ ಅವನೇ ಚಾದರವನ್ನು ಸುರುಳಿ ಸುತ್ತಿ ತಂದ. ಎಲ್ಲರೂ ಹೊರಗಿದ್ದರು. ಕರಿದ ಹಿಟ್ಟಿನ ಬಿಲ್ಲೆಗೆ ಕಾಕಂಬಿ ಸುರಿದುಕೊಂಡು ತಿನ್ನುವ ಗಲಾಟೆ ಬೆಂಕಿಯ ಸುತ್ತ ನಡೆದಿತ್ತು. ಒಳಗೆ ಇಬ್ಬರೇ.

"ಮಾರ್ಲೀನ್, ಇದನ್ನ ಎಲ್ಲಾದ್ರೂ ಇಡಮ್ಮ." ಅವನ ಕಿವಿಯವರೆಗೂ ಕೆಂಪು. "ನಂಗೆ ಏನೂ ಗೊತ್ತಾಗ್ಲಿಲ್ಲ. ಎಚ್ಚರಾನೇ ಆಗ್ಲಿಲ್ಲ."

"ಅದೇನು ದೊಡ್ಡ ವಿಷಯ ಬಿಡಿ ಮಾವ. ನಾನು ದಿನಾ ನೋಡೋದೇ ಇದನ್ನ."

ಸಮಾಧಾನಕ್ಕೆ ಆಡಿದ ಮಾತು. ಆದರೆ ಅವಳು ದಿನಾ ನೋಡುವವರು ಯಾರೆಂದು ಅವನಿಗೂ ಗೊತ್ತಿತ್ತು. ಅವನು ತಲೆಯಾಡಿಸಿ ಹೊರಗೆ ಹೋದ. ಮಾರ್ಲೀನ್ ಚಾದರವನ್ನು ತೊಳೆದು, ಗುಂಡಿಯ ಬೇರೆಯವರ ಕಣ್ಣಿಗೆ ಬೀಳದಂತೆ ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿ ಒಣಗಲು ಹಾಕಿದಳು.

ಅಂದಿನಿಂದ ಹೆಡ್ಲಿ ಮಧ್ಯಾಹ್ನದ ಮೇಲೆ ಟೀ ಮುಟ್ಟಲಿಲ್ಲ. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಎಫಿ ಅಣ್ಣನ ಹಣೆ ಮುಟ್ಟಿ ನೋಡಿದಳು.

"ಟೀ ಬೇಡ್ವಾ? ಬದುಕಿದೀಯೋ ಇಲ್ವೋ?"

"ಬೇಡ ಅಂದ್ರೆ ಬೇಡ. ಎದೆ ಉರಿ."

"ನಿಂಗೆ ಎದೆ ಉರೀನಾ? ಕಬ್ಬಿಣ ತಿಂದು ಅರಗಿಸ್ಕೊಂಡವನಿಗೆ? ಮಾರ್ಲೀನ್, ಏನೇ ಮಾಡಿದ್ಯೇ ನನ್ನ ಅಣ್ಣನಿಗೆ?"

"ನಾನೇನು ಮಾಡಿದೆ ಅತ್ತೆ?"

"ನಾನು ಯಾರಿಗೂ ಹೇಳಿಲ್ಲಪ್ಪ ಅನ್ನೋ ಮುಖ ಮಾಡ್ಕೊಂಡಿದೀಯ. ಏನೋ ಮಾಡಿದೀಯ."

ಟೀ ಬಿಟ್ಟರೂ ಪ್ರಯೋಜನವಾಗಲಿಲ್ಲ. ಜೂನ್ ತಿಂಗಳು, ಕೇಪ್ಲಿನ್ ಮೀನು ದಡಕ್ಕೆ ಬರುವ ಮುಂಚಿನ ಹವೆ: ಮಂಜು, ಜಿಟಿಜಿಟಿ ಮಳೆ, ಮೂಳೆಗಿಳಿಯುವ ಥಂಡಿ. ಮಾರ್ಲೀನ್ ಮಾವನಿಗೆ ಮೂರನೆಯ ರಜಾಯಿ ಹಾಕಿದಳು, ಪರದೆಗೆ ಇನ್ನಷ್ಟು ಕ್ಲಿಪ್ಪು ಸಿಕ್ಕಿಸಿದಳು. ಹೋದ ಪ್ರತಿ ಸಲವೂ ಬೆಳಿಗ್ಗೆ ಚಾದರ ಒದ್ದೆ. ಮನೆಯಲ್ಲಿ ಮಾತ್ರ ಒಣ. ಮನೆಯಲ್ಲಿ ಅವನು ಮಲಗುತ್ತಲೇ ಇರಲಿಲ್ಲವಲ್ಲ! ಗಂಟೆಗೊಮ್ಮೆ ಎದ್ದು ಬಚ್ಚಲಿಗೆ ಹೋಗುವ ಹೆಜ್ಜೆ ಸದ್ದನ್ನು ಮಾರ್ಲೀನ್ ಮಲಗಿದಲ್ಲೇ ಕೇಳುತ್ತಿದ್ದಳು. ಮುದುಕನ ಕೆನ್ನೆ ಒಳಗೆ ಸೇರಿತು. ಮೀನು ಬಡಿಸಿದರೆ ಅರ್ಧ ತಟ್ಟೆಯಲ್ಲೇ ಉಳಿಸಿ ಏಳುತ್ತಿದ್ದ. ಇಸ್ಪೀಟಿನಾಟಕ್ಕೆ ಬಂದ ಗೆಳೆಯರನ್ನು ತಲೆನೋವೆಂದು ಹಿಂದಕ್ಕೆ ಕಳಿಸಿದ.

ಒಂದು ಸಂಜೆ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಹೆಡ್ಲಿ ಎದುರಿಗೆ ಬಂದು ಕುಳಿತ. ಇನ್ನೊಂದು ಚಾಕು ತೆಗೆದುಕೊಂಡು ತಾನೂ ಒಂದು ಆಲೂಗಡ್ಡೆ ಹಿಡಿದ.

"ನಿಮ್ಮ ಹೋಮಲ್ಲಿ ರೂಮು ಖಾಲಿ ಇದ್ಯಾ?"

"ಯಾರಿಗೆ ಮಾವ?"

"ನಂಗೇ. ಇನ್ಯಾರಿಗೆ?"

ಚಾಕು ಅವಳ ಕೈಯಲ್ಲಿ ನಿಂತಿತು. "ಯಾರು ಹೇಳಿದ್ರು ನಿಮಗೆ ಹೋಗಿ ಅಂತ?"

"ಯಾರೂ ಹೇಳಿಲ್ಲ. ಯಾರೂ ಹೇಳೋ ಮುಂಚೆ ಹೋಗ್ಬೇಕು. ನಿನ್ನ ಕೈಲಿ ಅಲ್ಲೂ ಅದೇ ಕೆಲಸ, ಇಲ್ಲೂ ಅದೇ ಕೆಲಸ ಮಾಡಿಸೋಕೆ ನಂಗೆ ಮನಸ್ಸಿಲ್ಲ. ಟೆಸ್ಸಾಗೂ ಒಂದಿನ ಗೊತ್ತಾಗತ್ತೆ. ಅದಕ್ಕೆ ಮುಂಚೆ ಕೇಳಿ ನೋಡು."

"ಮಾವ, ಡಾಕ್ಟರ ಹತ್ರ ಹೋಗೋಣ…"

"ಡಾಕ್ಟರಿಗೂ ಹೇಳ್ಬೇಕಾ ಇದನ್ನ? ಬೇಡ. ರೂಮು ಕೇಳು."

ರಾತ್ರಿ ಊಟದ ಮೇಜಿನಲ್ಲಿ ಅವನೇ ಎಲ್ಲರಿಗೂ ಹೇಳಿದ. ಕಾರಣ ಮಾತ್ರ ಹೇಳಲಿಲ್ಲ, "ಅಲ್ಲಿ ಇಸ್ಪೀಟು ಆಡೋಕೆ ಜನ ಇದಾರೆ" ಎಂದ. ಡ್ವೇನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ.

"ಇಸ್ಪೀಟಂತೆ! ಬಂದವರನ್ನ ನೀನೇ ವಾಪಸ್ ಕಳಿಸ್ತೀಯ. ಮಾರ್ಲೀನ್, ಇದು ನಿನ್ನ ಕೆಲಸ."

"ನನ್ನ ಮೇಲೆ ಯಾಕೆ ಹಾರ್ತೀರ? ನಾನು ಹೇಳಿದ್ನಾ?"

"ಹೇಳ್ದೇ ಇದ್ದದ್ದೇ ಜಾಸ್ತಿ ಆಯ್ತು!"

"ಅವಳನ್ನ ಬೈಬೇಡ," ಎಂದ ಹೆಡ್ಲಿ. "ನಿನಗಿಂತ ಚೆನ್ನಾಗಿ ನೋಡ್ಕೊಂಡಿದಾಳೆ ನನ್ನ."

ಈ ಮಾತು ಕೇಳಿ ಮಾರ್ಲೀನಳಿಗೆ ಅಳು ತಡೆಯಲಾಗಲಿಲ್ಲ. ಟೆಸ್ಸಾ ಒಬ್ಬೊಬ್ಬರ ಮುಖ ನೋಡಿ, "ತಾತ ಹೋಗೋದಾದ್ರೆ ಟ್ರೈಲರ್ ಮಾರಿ. ನಾನಂತೂ ಬರಲ್ಲ," ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡಳು. ಯಾರು ಏನೆಂದರೂ ಮುದುಕ ಜಗ್ಗಲಿಲ್ಲ. ಹೋಮಿನಲ್ಲಿ ಒಂದು ಕೋಣೆ ಖಾಲಿ ಇತ್ತು. ಬರುವ ಸೋಮವಾರ ಹೋಗಿ ನೋಡಿ ಬರುವುದೆಂದಾಯಿತು.

ಅದಕ್ಕೆ ಮುಂಚಿನ ವಾರಾಂತ್ಯ ಕೇಪ್ಲಿನ್ ಬಂತು. ಗುಂಡಿಯಿಂದ ಸ್ವಲ್ಪ ಕೆಳಗಿನ ಮರಳದಂಡೆಯಲ್ಲಿ ಅಲೆಯಲೆಯೂ ಬೆಳ್ಳಿ ಮೀನನ್ನು ಎತ್ತಿ ಸುರಿಯುತ್ತಿತ್ತು. ಬಕೆಟ್ಟು, ಬಲೆ, ಬೂಟು ಹಾಕಿಕೊಂಡು ಊರೇ ಅಲ್ಲಿ. ಹೆಡ್ಲಿ ಬರುವುದಿಲ್ಲವೆಂದ. ಟೆಸ್ಸಾ ಅವನ ಬೂಟುಗಳನ್ನು ತಾನೇ ಪಿಕಪ್ಪಿಗೆ ಎಸೆದು, "ಬೂಟು ಹೊರಟಿದೆ, ನೀವು ಹೇಗಾದ್ರೂ ಬನ್ನಿ," ಎಂದಳು. ಅವಳಿಗೆ ಇಲ್ಲವೆನ್ನಲಾಗದೆ ಬಂದ. ಆದರೆ ಮಲಗುವ ಹೊತ್ತಿಗೆ ರಜಾಯಿ ಹೊತ್ತು ಪಿಕಪ್ಪಿನ ಕಡೆ ನಡೆದ.

"ಸೀಟಲ್ಲಿ ಕಾಲು ಚಾಚೋಕೂ ಆಗಲ್ಲ ಮಾವ," ಎಂದಳು ಮಾರ್ಲೀನ್.

"ದೋಣೀಲಿ ಇದಕ್ಕಿಂತ ಸಣ್ಣ ಜಾಗದಲ್ಲಿ ಮಲಗಿದ್ದೆ. ಸೀಟು ರಬ್ಬರು, ಒರೆಸಿದ್ರೆ ಹೋಗತ್ತೆ." ಇಷ್ಟು ಹೇಳಿ ಬಾಗಿಲು ಎಳೆದುಕೊಂಡ.

ಟ್ರೈಲರಿನಲ್ಲಿ ಎಫಿ ಹಸಿ ಕೇಪ್ಲಿನ್ ಹುರಿಯುತ್ತಲೇ ಇದ್ದಳು, ಕೆಟಲ್ಲು ಕುದಿಯುತ್ತಲೇ ಇತ್ತು. ಮಾರ್ಲೀನಳಿಗೆ ಯಾವುದೂ ಬೇಡವಾಗಿತ್ತು. ಡ್ವೇನ್ ಎಂದಿನಂತೆ ಕಿಟಕಿಯ ಜಿಪ್ಪು ಬಿಚ್ಚಿದಾಗ ಅವಳು ಸಿಡಿದಳು.

"ಅಲ್ಲಿ ನಿಮ್ಮಪ್ಪ ಥಂಡಿಗೆ ಮುದುಡ್ಕೊಂಡು ಮಲಗಿದಾರೆ, ನಿಮಗೆ ಇಲ್ಲಿ ಸೆಖೆ!"

"ಮುಚ್ಚಿದ್ರೆ ಮುಖದ ಮೇಲೆ ಹನಿ ಬೀಳತ್ತೆ ಕಣೇ. ನಾನೇನು ಗಿಡಾನಾ?"

"ನೀವೇ ಮಲ್ಕೊಳ್ಳಿ." ದಿಂಬು ಕಿತ್ತುಕೊಂಡು ಅವಳು ಹಿಂದಿನ ರೆಕ್ಕೆಗೆ ಹೋಗಿ, ಮಾವನಿಗಾಗಿ ತಾನೇ ಹಾಸಿದ್ದ ಚಾದರದ ಮೇಲೆ ಬಿದ್ದುಕೊಂಡಳು. ಪ್ಲಾಸ್ಟಿಕ್ಕು ಚರಪರ ಎಂದಿತು. ಅಳುತ್ತ ಅಳುತ್ತ ನಿದ್ದೆ ಬಂತು.

ಬೆಳಿಗ್ಗೆ ಎಚ್ಚರವಾದಾಗ ಬೆನ್ನ ಕೆಳಗೆ ತಣ್ಣಗಿತ್ತು. ಕೈಯಾಡಿಸಿದಳು. ನೈಟಿ ಒದ್ದೆ. ಚಾದರ ಒದ್ದೆ. ಸರಿಯಾಗಿ ಸೊಂಟದ ಕೆಳಗೆ.

ಅಯ್ಯೋ, ನಾನಾ? ಈ ವಯಸ್ಸಿಗೆ? ಮೊದಲ ಯೋಚನೆ, ಯಾರೂ ಏಳುವ ಮುಂಚೆ ಚಾದರ ಸುತ್ತಿಡಬೇಕು. ಎರಡನೆಯದು, ಪಿಕಪ್ಪಿನ ಹಿಂದಿನ ಹಗ್ಗ. ಚಾದರದ ಮೂಲೆ ಹಿಡಿದವಳು ಅಲ್ಲೇ ನಿಂತಳು. ಇಷ್ಟು ವಾರದಲ್ಲಿ ಮಾಡದ ಕೆಲಸವನ್ನು ಆಗ ಮಾಡಿದಳು. ಬಗ್ಗಿ, ಮುಖವನ್ನೇ ಚಾದರಕ್ಕೆ ಒತ್ತಿ ಮೂಸಿದಳು.

ಏನೂ ಇಲ್ಲ. ಸೋಪಿನ ವಾಸನೆ, ಅಷ್ಟೇ. ತಣ್ಣೀರು.

ಚಾದರ ಎಳೆದು ಬಿಸಾಡಿದಳು. ಪ್ಲಾಸ್ಟಿಕ್ಕಿನ ಮೇಲೆ ಉದ್ದಕ್ಕೂ ಹನಿ ಕೂತಿತ್ತು, ಯಾರೂ ಮಲಗದ ಅಂಚಿನಲ್ಲೂ. ಹಾಸಿಗೆ ಎತ್ತಿದಳು. ಹಲಗೆಯ ಮೇಲೂ ನೀರು. ಪರದೆಯ ಹಿಂದೆ ಕ್ಯಾನ್ವಾಸಿನಿಂದ ಸಣ್ಣ ಗೆರೆಗಳಾಗಿ ನೀರಿಳಿದು ಹಾಸಿಗೆಯಡಿಗೆ ಹೋಗುತ್ತಿತ್ತು. ಕೆಳಗಿನ ಗಾಳಿಗೆ ಹಲಗೆ ಮಂಜುಗಡ್ಡೆ, ಮೇಲೆ ಮೈಯ ಬಿಸಿ. ಅತ್ತೆಯ ಪಾತ್ರೆ, ಕೆಟಲ್ಲು, ಕಾಲುಚೀಲ, ಐದು ಜನರ ಉಸಿರು, ಎಲ್ಲ ಬಂದು ಸೇರುತ್ತಿದ್ದದ್ದು ಇಲ್ಲಿ. ಹೊರಗೆ ಹೋಗದಂತೆ ಜಿಪ್ಪು ಎಳೆದು, ಕ್ಲಿಪ್ಪು ಸಿಕ್ಕಿಸಿ, ಪ್ಲಾಸ್ಟಿಕ್ಕು ಹಾಸಿ ಕಾದಿಟ್ಟವಳು ತಾನೇ.

"ಮಾವಾ!" ಎಂದು ಅವಳು ಕೂಗಿದ್ದಕ್ಕೆ ಟೆಸ್ಸಾ ಮೇಜಿನ ಹಾಸಿಗೆಯಿಂದ ಉರುಳಿ ಬಿದ್ದಳು.

ಬರಿಗಾಲಲ್ಲಿ, ಒದ್ದೆ ನೈಟಿಯಲ್ಲೇ ಮಾರ್ಲೀನ್ ಜಲ್ಲಿಯ ಮೇಲೆ ಓಡಿದಳು. ಪಕ್ಕದ ಟ್ರೈಲರಿನವರು ಟೀ ಮಗ್ಗು ಹಿಡಿದು ನೋಡುತ್ತಿದ್ದರು. ಅವಳು ಪಿಕಪ್ಪಿನ ಬಾಗಿಲು ಎಳೆದಳು.

"ಮಾವ, ಏಳಿ! ನನ್ನ ನೈಟಿ ನೋಡಿ! ಹಿಂದೆ ನೋಡಿ!"

ಹೆಡ್ಲಿ ಗಾಬರಿಯಿಂದ ಕಣ್ಣು ಮುಚ್ಚಿಕೊಂಡ. "ಏನಮ್ಮ ಇದು, ಬೆಳ್ಬೆಳಿಗ್ಗೆ!"

"ನಿಮ್ಮ ಹಾಸಿಗೇಲಿ ನಾನು ಮಲಗಿದ್ದೆ. ನಂದೂ ಒದ್ದೆ ಆಗಿದೆ. ನೀವಲ್ಲ ಮಾವ, ಯಾವತ್ತೂ ನೀವಲ್ಲ! ಅದು ಟ್ರೈಲರ್ ಬೆವರು!"

ಎಲ್ಲರೂ ಹಿಂದಿನ ರೆಕ್ಕೆಯ ಮುಂದೆ ಸೇರಿದರು. ಹೆಡ್ಲಿ ಹಲಗೆಯ ಮೇಲೆ ಅಂಗೈ ಇಟ್ಟ. ಎತ್ತಿ ನೋಡಿದ. ಮತ್ತೆ ಇಟ್ಟ. ಆಮೇಲೆ ಒದ್ದೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದ.

"ಥೂ! ಏನೋ ಅದು!" ಎಂದು ಕಿರುಚಿದಳು ಎಫಿ.

"ಸಿಹಿನೀರು," ಎಂದ ಹೆಡ್ಲಿ. "ಸಿಹಿನೀರು ಕಣೇ ಎಫಿ."

ಅವನು ಹಲಗೆಯ ಅಂಚಿಗೆ ಕುಳಿತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ಮೊದಲು ಯಾರಿಗೂ ತಿಳಿಯಲಿಲ್ಲ, ಎರಡೂ ಆಗಿತ್ತು. ಡ್ವೇನ್ ಅಪ್ಪನ ಭುಜ ಹಿಡಿದು ನಿಂತ.

"ಒಂದ್ನಿಮಿಷ," ಎಂದಳು ಎಫಿ. "ಇಷ್ಟು ದಿನ ಇವನು ಟೀ ಬಿಟ್ಟದ್ದು, ಹೋಮಿಗೆ ಹೊರಟದ್ದು, ಎಲ್ಲ ಇದಕ್ಕಾ? ಹಾಸಿಗೇಲಿ ಒಂದಕ್ಕೆ ಮಾಡ್ಕೊಂಡೆ ಅಂತಾನಾ? ನಮ್ಮ ವಂಶದಲ್ಲಿ? ನಮ್ಮಪ್ಪ ತೊಂಬತ್ತರಲ್ಲಿ ಸತ್ತ, ಹಾಸಿಗೆ ಸುಣ್ಣದ ಹಾಗೆ ಒಣಗಿತ್ತು!"

"ತಾತ ಟಾಯ್ಲೆಟ್ ಮಾಡ್ಕೊಂಡ್ರು ಅಂದ್ಕೊಂಡಿದ್ರಾ?" ಎಂದಳು ಟೆಸ್ಸಾ. "ದಿನಾ ನಾನೇ ತಾನೆ ಮಾಡು ಒರೆಸ್ತಿದ್ದದ್ದು? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ? ಈ ಮನೇಲಿ ಯಾರೂ ಯಾರಿಗೂ ಏನೂ ಹೇಳಲ್ಲ."

"ನೀನು ಹೇಳ್ತೀಯಲ್ಲ, ಸಾಕು," ಎಂದ ಡ್ವೇನ್.

"ದೋಣೀಲೇ ಹುಟ್ಟಿ ಬೆಳೆದವನು ನಾನು," ಹೆಡ್ಲಿ ತಲೆಯಾಡಿಸಿದ. "ದೋಣಿ ಗೂಡಲ್ಲಿ ಫರ್ ಕೊಂಬೆ ಹಾಸದೆ ಒಂದಿನ ಮಲಗಿದವನಲ್ಲ. ಬೆವರ್ತದೆ ಅಂತ ನನ್ನ ಬಾಯಲ್ಲೇ ಹೇಳಿದೆ. ಆದ್ರೂ ನಂಗೇ ಹೊಳೀಲಿಲ್ಲ ನೋಡಿ!"

"ತಪ್ಪಾಯ್ತು ಮಾವ," ಎಂದಳು ಮಾರ್ಲೀನ್.

"ಹೋಗಿ ಬಟ್ಟೆ ಬದಲಾಯ್ಸು ಮಾರಾಯ್ತಿ, ಗುಂಡಿಗೆ ಗುಂಡಿಯೇ ನೋಡ್ತಿದೆ," ಎಂದ ಹೆಡ್ಲಿ.

ಅಂದು ಮಧ್ಯಾಹ್ನದೊಳಗೆ ಟ್ರೈಲರಿನ ಕಾನೂನು ಬದಲಾಯಿತು. ಪ್ಲಾಸ್ಟಿಕ್ಕು ಕಸಕ್ಕೆ ಹೋಯಿತು. ಅಜ್ಜ ಮೊಮ್ಮಗಳು ಕಾಡಿಗೆ ಹೋಗಿ ಫರ್ ಕೊಂಬೆ ತಂದು, ಗಾಳಿಯಾಡುವಂತೆ ಹಲಗೆಯ ಮೇಲೆ ದಪ್ಪಗೆ ಹಾಸಿದರು. ಮನೆಗೆ ಹೋದಮೇಲೆ ಶೆಡ್ಡಿನಲ್ಲಿ ಬಿದ್ದಿರುವ ಹಳೆಯ ಲಾಬ್‌ಸ್ಟರ್ ಬುಟ್ಟಿಗಳನ್ನು ಒಡೆದು ಅದರ ಪಟ್ಟಿಗಳಿಂದ ಚೌಕಟ್ಟು ಹೊಡೆಯುತ್ತೇನೆಂದು ಹೆಡ್ಲಿ ಅಳತೆಯನ್ನೂ ತೆಗೆದುಕೊಂಡ. ಎರಡೂ ರೆಕ್ಕೆಯ ಕಿಟಕಿಗಳ ಜಿಪ್ಪು ನಾಲ್ಕು ಬೆರಳು ಬಿಚ್ಚಿರತಕ್ಕದ್ದು. ಕೆಟಲ್ಲು, ಹಿರಿ ಪಾತ್ರೆ, ಕಾಲುಚೀಲ ಎಲ್ಲ ಹೊರಗೆ.

"ಮಂಜಿನಲ್ಲಿ ನಿಂತು ಭಾನುವಾರದ ಅಡಿಗೆ ಮಾಡ್ಲಾ ನಾನು?" ಎಂದಳು ಎಫಿ.

"ಮನೆ ಸುಟ್ಟ ದಿನ ಪಕ್ಕದ ಮನೇಲಿ ಮಾಡಿದ್ರಲ್ಲ ನಿಮ್ಮಮ್ಮ," ಎಂದಳು ಮಾರ್ಲೀನ್.

ಎಫಿ ಗೊಣಗುತ್ತ ಹಿರಿ ಪಾತ್ರೆಯನ್ನು ಹೊರಗೆ ಹೊತ್ತಳು. ಡ್ವೇನ್ ಮಾತ್ರ ಬಿಚ್ಚಿದ ಜಿಪ್ಪಿನ ಕಡೆ ಬೆರಳು ತೋರಿಸಿ ಇಡೀ ದಿನ ಹೆಂಡತಿಯ ತಲೆ ತಿಂದ. ಅವಳು ತಿನ್ನಿಸಿಕೊಂಡಳು.

ಆ ರಾತ್ರಿ ಹೆಡ್ಲಿ ತನ್ನ ರೆಕ್ಕೆಯಲ್ಲೇ ಮಲಗಿದ. ಬೆಳಿಗ್ಗೆ ಮಾರ್ಲೀನ್ ಹೊರಗೆ ಬಂದಾಗ ಮಂಜು ಕರಗಿತ್ತು, ತಿಂಗಳಾಚೆ ಮೊದಲ ಬಿಸಿಲು. ಟ್ರೈಲರಿನ ಮುಂದೆ, ಇಡೀ ಗುಂಡಿಗೆ ಕಾಣುವಂತೆ ಹಗ್ಗ ಕಟ್ಟಿ, ಮುದುಕ ತನ್ನ ಚಾದರವನ್ನು ಹರಡುತ್ತಿದ್ದ.

"ತೊಳೆದ್ರಾ ಮಾವ?"

"ತೊಳೆಯೋದು ಯಾಕೆ? ಒಣಗೇ ಇದೆ. ಜನ ನೋಡ್ಲಿ ಅಂತ ಹಾಕಿದೆ." ಚಾದರದ ಅಂಚು ಹಿಡಿದು ಅವಳ ಮುಂದೆ ಚಾಚಿದ. "ಮೂಸಿ ನೋಡು."

"ಮಾವ…"

"ಮೂಸು ಅಂದೆ."

ಅವಳು ಮುಖವಿಟ್ಟಳು. ಫರ್ ಎಲೆ, ಕಟ್ಟಿಗೆ ಹೊಗೆ, ಕೇಪ್ಲಿನ್. ಬಟ್ಟೆಯೊಳಗೇ ಅವಳಿಗೆ ನಗು ಬಂತು, ಕಣ್ಣೀರೂ ಬಂತು.

ಬೆಂಕಿಯ ಹತ್ತಿರ ಇಬ್ಬರೂ ಕುಳಿತರು. ಕೆಟಲ್ಲು ಹೊರಗಿನ ಗಾಳಿಗೆ ಆವಿ ಬಿಡುತ್ತ ಕುದಿಯುತ್ತಿತ್ತು. ಅವಳು ಮಗ್ಗಿಗೆ ಟೀ ಸುರಿದು ಡಬ್ಬಿಹಾಲು ಹಾಕಿದಳು. ಅವನು ಒಂದೇ ಉಸಿರಿಗೆಂಬಂತೆ ಕುಡಿದ.

"ನಾಳೆ ಹೋಮಿಗೆ ಫೋನ್ ಮಾಡ್ತೀನಿ. ರೂಮು ಬೇಡ ಅಂತ ಹೇಳ್ತೀನಿ," ಎಂದಳು.

"ಹೇಳು." ಅವನು ಖಾಲಿ ಮಗ್ಗನ್ನು ಕೈಯಲ್ಲಿ ತಿರುಗಿಸಿದ. "ಆದ್ರೆ ಮಾರ್ಲೀನ್, ಒಂದಿನ ಅದು ನಿಜವಾಗ್ಲೂ ಆಗತ್ತೆ. ಎಫಿ ಏನೇ ಹೇಳ್ಲಿ, ನಮ್ಮಪ್ಪಂಗೂ ಕೊನೆಗೆ ಆಗಿತ್ತು, ನಾನೇ ತೊಳೀತಿದ್ದೆ. ನಂಗೂ ಆದಾಗ ಮೊದ್ಲು ಮೂಸು. ಆಮೇಲೆ ಹೋಮು."

"ಆಗ್ಲೂ ಹೋಮಿಲ್ಲ ಮಾವ."

ಅವನು ಅವಳ ಮುಖ ನೋಡಿದ. ಅವಳು ಈ ಸಲ ಬೇರೆ ಕಡೆ ತಿರುಗಲಿಲ್ಲ.

"ಹಾಗಾದ್ರೆ ಇನ್ನೊಂದು ಮಗ್ ಹಾಕು," ಎಂದು ಹೆಡ್ಲಿ ಮಗ್ಗು ಮುಂದಕ್ಕೆ ಚಾಚಿದ.